ಮೊದಲು ಮಗುವಿನ ಕೈ ನೋಡು

ನಿನ್ನ ಸಿಮ್ಯುಲೇಶನ್ ನೋಡಿದೆ ಮರಿ. ಊರು ಚೆನ್ನಾಗಿದೆ, ಕೆರೆ ಚೆನ್ನಾಗಿದೆ, ಕೆರೆ ಏರಿ ಮೇಲೆ ನಿಂತು ಬಾಲ ಆಡಿಸುವ ಆ ಎಮ್ಮೆಯಂತೂ ಬಹಳ ಚೆನ್ನಾಗಿದೆ. ಎಮ್ಮೆ ಒಂದಕ್ಕೇ ವಾರಗಟ್ಟಲೆ ಹಿಡಿಯಿತು ಅಂತ ಹೆಮ್ಮೆಯಿಂದ ಹೇಳಿದೆ. ಇದನ್ನು ಆಡಿದ ಮಗುವಿನ ಬಗ್ಗೆ ನಿನಗೆ ಏನು ಗೊತ್ತಾಗಬೇಕು ಅಂತ ಕೇಳಿದಾಗ ಮಾತ್ರ ತಡವರಿಸಿದೆ. “ಸಮಸ್ಯೆ ಬಿಡಿಸುವ ಶಕ್ತಿ” ಅಂದೆ. ಒಂದು ಗುಟುಕು ಕಾಫಿ ಕುಡಿದು, “ಒಟ್ಟಾರೆ ಬುದ್ಧಿಮತ್ತೇನೂ ಅಳೆದುಬಿಡೋಣ ಅಂತ” ಎಂದು ಸೇರಿಸಿದೆ. ಅಳೆದುಬಿಡೋಣ! ಎಷ್ಟು ಸಲೀಸಾಗಿ ಬಂತು ಆ ಮಾತು.

ಬೈಯುತ್ತಿಲ್ಲ. ನಿನ್ನ ಕೈಯಲ್ಲಿ ಕಸುಬಿದೆ, ತಲೆ ಚುರುಕಾಗಿದೆ, ಮಕ್ಕಳ ಮೇಲೆ ಅಕ್ಕರೆಯೂ ಇದೆ. ಅವಸರ ಒಂದು ಜಾಸ್ತಿ. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುತ್ತಾರೆ. ಬೇರೆಯವರ ಬುದ್ಧಿ ಅಳೆಯಲು ಹೊರಟವರು ಆ ಗಾದೆಯನ್ನು ಮೇಜಿನ ಮುಂದೆ ಬರೆದು ಅಂಟಿಸಿಕೊಳ್ಳಬೇಕು. ಮಕ್ಕಳ ಮುಂದೆ ಬಿನೆ–ಕಾಮತ್ ಬುದ್ಧಿಪರೀಕ್ಷೆಯ ಪೆಟ್ಟಿಗೆ ಬಿಚ್ಚಿಕೊಂಡು ಕೂತೇ ತಲೆ ನರೆಸಿಕೊಂಡವಳು ನಾನು. ಕಂಪ್ಯೂಟರ್ ನಿನ್ನಷ್ಟು ಬರುವುದಿಲ್ಲ. ಆದರೆ ಉತ್ತರ ಗೊತ್ತಿಲ್ಲದ ಮಗು ಹೇಗೆ ಕೂರುತ್ತದೆ, ಗೊತ್ತಿದ್ದೂ ಹೇಳಲಾರದ್ದು ಎತ್ತ ನೋಡುತ್ತದೆ ಅನ್ನುವುದು ಬರುತ್ತದೆ. ಅದನ್ನೇ ಇಟ್ಟುಕೊಂಡು ನಾಲ್ಕು ಮಾತು ಹೇಳುತ್ತೇನೆ, ಕೇಳು.

ನಿನ್ನ ಊರಿನಂಥದ್ದೇ ಒಂದು ಊರನ್ನು ಜರ್ಮನಿಯಲ್ಲಿ ನೀನು ಹುಟ್ಟುವುದಕ್ಕೆ ಎಷ್ಟೋ ಮೊದಲೇ ಕಟ್ಟಿದ್ದರು. ಅದರ ಹೆಸರು ಲೋಹೌಸನ್. ಕಟ್ಟಿದವರು ಡೀಟ್ರಿಷ್ ಡೋರ್ನರ್ ಎಂಬ ಮನಶ್ಶಾಸ್ತ್ರಜ್ಞರು ಮತ್ತು ಅವರ ಜೊತೆಗಾರರು. ಕಂಪ್ಯೂಟರಿನೊಳಗಿನ ಆ ಪುಟ್ಟ ಪಟ್ಟಣದಲ್ಲಿ ಕಾರ್ಖಾನೆ, ಮನೆ, ಶಾಲೆ, ತೆರಿಗೆ ಎಲ್ಲ ಇದ್ದವು. ಒಂದಕ್ಕೊಂದು ತಳುಕು ಹಾಕಿಕೊಂಡ ಸಂಗತಿಗಳೇ 2000ಕ್ಕೂ ಹೆಚ್ಚು. 48 ಜನರನ್ನು ಒಬ್ಬೊಬ್ಬರಾಗಿ ಕೂರಿಸಿ, “ಹತ್ತು ವರ್ಷ ಈ ಊರಿಗೆ ನೀವೇ ಮೇಯರ್, ಊರನ್ನು ಚೆನ್ನಾಗಿ ನಡೆಸಿ” ಅಂದರು. 1983ರಲ್ಲಿ ಫಲಿತಾಂಶ ಪುಸ್ತಕವಾಗಿ ಬಂತು. ಬುದ್ಧಿಪರೀಕ್ಷೆಯ ಅಂಕಕ್ಕೂ ಊರು ನಡೆಸಿದ್ದಕ್ಕೂ ಹೇಳಿಕೊಳ್ಳುವಂಥ ನಂಟೇ ಕಾಣಲಿಲ್ಲ. ಹಳೇ ಬುದ್ಧಿಪರೀಕ್ಷೆಗಳ ಕಾಲ ಮುಗಿಯಿತು ಅಂತ ಕೆಲವರು ಕುಣಿದಾಡಿದರು.

ನೀನೂ ಕುಣಿಯುತ್ತಿದ್ದೆ, ನನಗೆ ಗೊತ್ತು. ತಾಳು.

“ಚೆನ್ನಾಗಿ ನಡೆಸಿ” ಅಂದರೆ ಏನು? ಖಜಾನೆ ತುಂಬಿಸುವುದೋ, ಜನರನ್ನು ಸಂತೋಷವಾಗಿಡುವುದೋ, ಎಲ್ಲರಿಗೂ ಕೆಲಸ ಕೊಡುವುದೋ? ಆಡುವವರಿಗೆ ಗುರಿಯೇ ಸ್ಪಷ್ಟವಿಲ್ಲದಿದ್ದರೆ ನೀನು ಅಳೆಯುವುದು ಅವರ ಬುದ್ಧಿಯನ್ನಲ್ಲ. ನಿನ್ನ ಮನಸ್ಸಿನಲ್ಲಿರುವುದನ್ನು ಅವರು ಎಷ್ಟು ಊಹಿಸಿದರು ಅನ್ನುವುದನ್ನು. ಇದೇ ಅನುಮಾನ ಜರ್ಮನಿಯವರಿಗೂ ಬಂತು. ಅಲ್ಲೇ ಅದೇ ಹೊತ್ತಿಗೆ ವೀಬ್ಕೆ ಪುಟ್ಸ್-ಓಸ್ಟರ್ಲೋ ಎಂಬಾಕೆ ಒಂದು ಸಿದ್ಧ ಉಡುಪಿನ ಕಸುಬನ್ನು ಕಂಪ್ಯೂಟರಿನಲ್ಲಿ ಆಡಿಸುತ್ತಿದ್ದರು. ಷರ್ಟು ಹೊಲಿಸಿ ಮಾರಬೇಕು, ಹನ್ನೆರಡು ತಿಂಗಳು ಅಂಗಡಿ ನಡೆಸಬೇಕು, ಬರೀ 24 ಸಂಗತಿಗಳು. ಯಾವುದು ಯಾವುದನ್ನು ಎಳೆಯುತ್ತದೆ ಅನ್ನುವ ನಕ್ಷೆ ಮುಚ್ಚಿಟ್ಟಾಗ ಬುದ್ಧಿಪರೀಕ್ಷೆಯ ನಂಟು ಕಾಣಲಿಲ್ಲ; ನಕ್ಷೆಯನ್ನು ಕಣ್ಣ ಮುಂದೆ ಇಟ್ಟಾಗ ಕಂಡಿತು. ಅಂಗಡಿ ಅದೇ, ಷರ್ಟು ಅದೇ. ತೋರಿಸಿದ್ದೆಷ್ಟು, ಮುಚ್ಚಿದ್ದೆಷ್ಟು ಅನ್ನುವುದರ ಮೇಲೆ ಪರೀಕ್ಷೆಯೇ ಬೇರೆಯಾಯಿತು. ಆದ್ದರಿಂದ ಪರದೆಯ ಮೇಲೆ ಏನು ಇಡಬೇಕು ಅನ್ನುವುದನ್ನು ಅಂದಚೆಂದದ ಪ್ರಶ್ನೆ ಅಂದುಕೊಳ್ಳಬೇಡ. ಅಳತೆಯೇ ಅದು.

ಲೋಹೌಸನ್ನಿನಲ್ಲಿ ನನಗೆ ಪ್ರೀತಿ ಇರುವುದು ಅಂಕಗಳಿಗಲ್ಲ, ಡೋರ್ನರ್ ಆ ಮೇಯರ್‌ಗಳ ನಡವಳಿಕೆಯನ್ನು ಕೂತು ನೋಡಿದ ರೀತಿಗೆ. ಊರನ್ನು ಚೆನ್ನಾಗಿ ನಡೆಸಿದವರು “ಯಾಕೆ” ಅಂತ ಕೇಳುತ್ತಿದ್ದರು. ಬರಿದೆ ಏನಾಯಿತು ಅಂತ ಕೇಳಿ ಸುಮ್ಮನಾಗುತ್ತಿರಲಿಲ್ಲ. ಹೀಗಿರಬಹುದು ಅಂತ ಊಹಿಸಿದ್ದನ್ನು ಪರೀಕ್ಷಿಸುತ್ತಿದ್ದರು, ಹಿಡಿದ ವಿಷಯಕ್ಕೆ ಮತ್ತೆ ಮತ್ತೆ ಮರಳಿ ಬರುತ್ತಿದ್ದರು. ನಡೆಸಲು ಬಾರದವರು ಒಂದರಿಂದ ಇನ್ನೊಂದಕ್ಕೆ ಜಿಗಿಯುತ್ತಿದ್ದರು. ಆಜ್ಞೆ ಕೊಟ್ಟು ಅದರ ಫಲ ಏನಾಯಿತು ಅಂತ ತಿರುಗಿಯೂ ನೋಡುತ್ತಿರಲಿಲ್ಲ. ಇಂಥವರನ್ನು ನೋಡಲು ಜರ್ಮನಿಗೆ ಹೋಗಬೇಕಾಗಿಲ್ಲ, ನಮ್ಮ ಮನೆಯ ಮದುವೆಗಳಲ್ಲೇ ಸಿಗುತ್ತಾರೆ. ಅಡುಗೆಯವರಿಗೊಂದು ಮಾತು, ಪೆಂಡಾಲಿನವನಿಗೊಂದು ಮಾತು ಹೇಳಿ ಓಡುತ್ತಿರುತ್ತಾರೆ. ಎಲೆ ಹಾಕುವ ಹೊತ್ತಿಗೆ ಉಪ್ಪೇ ಬಂದಿರುವುದಿಲ್ಲ.

ಡೋರ್ನರ್ ತಾನಾಲ್ಯಾಂಡ್ ಅನ್ನುವ ಇನ್ನೊಂದು ಕಲ್ಪನೆಯ ಸೀಮೆಯನ್ನೂ ಮಾಡಿದ್ದರು, ಪೂರ್ವ ಆಫ್ರಿಕಾದ ಯಾವುದೋ ಮೂಲೆ ಅಂತ. ಅಲ್ಲಿ ಆಡಿದವರು ಒಳ್ಳೆಯ ಮನಸ್ಸಿನಿಂದಲೇ ಔಷಧಿ ಕೊಟ್ಟರು, ಬಾವಿ ತೋಡಿಸಿದರು, ದನಕರು ಹೆಚ್ಚಿಸಿದರು. ಜನ ಹೆಚ್ಚಾದರು, ನೀರು ತಳ ಕಂಡಿತು, ಕೊನೆಗೆ ಬರ ಬಂತು. ಕೋಲಾರದ ಬೋರ್‌ವೆಲ್‌ಗಳ ಕಥೆ ಗೊತ್ತಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಡವಾಗಿ ಬರುವ ಫಲವನ್ನು ಮನುಷ್ಯ ಕಾಯಲಾರ. ಅವನ ಸ್ವಭಾವವೇ ಹಾಗೆ. ನಿನ್ನ ಕೆರೆಗೆ ನೀರು ಬಿಟ್ಟ ತಕ್ಷಣ ಮಟ್ಟ ಏರುತ್ತದಲ್ಲ, ಅದನ್ನು ಒಂದೆರಡು ಸುತ್ತು ತಡವಾಗಿ ಏರಿಸಿ ನೋಡು. ಜಾಣ ಅಂತ ಹೆಸರಾದ ಹುಡುಗರೆಲ್ಲ ತೂಬು ಕಿತ್ತು ಕೈಯಲ್ಲಿ ಹಿಡಿದುಕೊಂಡು ನಿಂತಿರುತ್ತಾರೆ.

ಆದರೂ ಹತ್ತನೇ ತರಗತಿಯ ಮಕ್ಕಳಿಗೆ ಇಡೀ ಊರು ಕೊಡಬೇಡ. ಚಿಕ್ಕದು ಕೊಡು, ಹಲವು ಕೊಡು. 2012ರಲ್ಲಿ ಪಿಸಾ ಎಂಬ ಅಂತರರಾಷ್ಟ್ರೀಯ ಪರೀಕ್ಷೆಯಲ್ಲಿ ಮಾಡಿದ್ದು ಅದನ್ನೇ. ಹದಿನೈದು ವರ್ಷದ ಮಕ್ಕಳಿಗೆ ಸಮಸ್ಯೆ ಬಿಡಿಸುವ ಪರೀಕ್ಷೆಯನ್ನು ಕಂಪ್ಯೂಟರಿನಲ್ಲೇ ಕೊಟ್ಟರು. 44 ದೇಶ ಮತ್ತು ಪ್ರಾಂತಗಳಿಂದ ಸುಮಾರು 85,000 ಮಕ್ಕಳು ಬರೆದರು. ಸಿಂಗಾಪುರ, ಕೊರಿಯಾ, ಜಪಾನ್ ಮುಂದೆ ನಿಂತವು. ನಾವು ಅದರಲ್ಲಿ ಇರಲಿಲ್ಲ. ಅದಕ್ಕೆ ಮುಂಚಿನ ಸುತ್ತಿನಲ್ಲಿ ತಮಿಳುನಾಡು, ಹಿಮಾಚಲ ಪ್ರದೇಶಗಳ ಮಕ್ಕಳು ಬರೆದು ಪಟ್ಟಿಯ ಬುಡದಲ್ಲಿ ಉಳಿದ ಮೇಲೆ ನಮ್ಮ ದೊಡ್ಡವರು ಆ ಕಡೆ ತಲೆ ಹಾಕಲಿಲ್ಲ. ಇರಲಿ.

ಆ ಪರೀಕ್ಷೆಯಲ್ಲಿ ಒಂದು ಎ.ಸಿ. ಇತ್ತು. ಮೂರು ಸ್ಲೈಡರ್, ಯಾವುದಕ್ಕೂ ಹೆಸರಿಲ್ಲ. ಮೇಲಿನದು, ನಡುವಿನದು, ಕೆಳಗಿನದು, ಅಷ್ಟೆ. ಒಂದು ಕಡೆ ತಾಪಮಾನ, ಇನ್ನೊಂದು ಕಡೆ ತೇವಾಂಶ. ಯಾವ ಸ್ಲೈಡರ್ ಯಾವುದನ್ನು ಬದಲಿಸುತ್ತದೆ ಅಂತ ಮಗುವೇ ಆಡಿಸಿ ಕಂಡುಹಿಡಿದು ಬಾಣ ಎಳೆದು ತೋರಿಸಬೇಕು. ಆಮೇಲೆ ನಾಲ್ಕೇ ಹೆಜ್ಜೆಯಲ್ಲಿ ಹೇಳಿದ ಮಟ್ಟಕ್ಕೆ ತರಬೇಕು. ಮಕ್ಕಳ ಒಂದೊಂದು ಕ್ಲಿಕ್ಕನ್ನೂ ಕಂಪ್ಯೂಟರ್ ಬರೆದಿಟ್ಟುಕೊಂಡಿತ್ತು. ಒಂದು ಸಲಕ್ಕೆ ಒಂದೇ ಸ್ಲೈಡರ್ ಸರಿಸಿ, ಉಳಿದವನ್ನು ಇದ್ದಲ್ಲೇ ಬಿಟ್ಟವರು ಈ ಪ್ರಶ್ನೆಯಲ್ಲಷ್ಟೇ ಅಲ್ಲ, ಇಡೀ ಪರೀಕ್ಷೆಯಲ್ಲೇ ಮುಂದಿದ್ದರು ಅಂತ ಆ ದಾಖಲೆಯನ್ನು ಜಾಲಾಡಿದವರು 2015ರಲ್ಲಿ ತೋರಿಸಿದರು.

ಇದಕ್ಕೆ ಅವರು ಇಟ್ಟ ಹೆಸರು ದೊಡ್ಡದು. ನನಗೆ ಕಾಣುವುದು ಅಡುಗೆಮನೆ. ಸಾರಿನ ರುಚಿ ಕೆಟ್ಟರೆ ಉಪ್ಪು, ಹುಳಿ, ಬೆಲ್ಲ ಮೂರನ್ನೂ ಒಟ್ಟಿಗೆ ಸುರಿದು, ಸರಿಹೋದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗದೆ ನಾಳೆ ಮತ್ತೆ ಕೆಡಿಸುವವರಿದ್ದಾರೆ. ಚೂರು ಉಪ್ಪು ಹಾಕಿ, ಕಲಕಿ, ಅಂಗೈಗೆ ಬಿಟ್ಟುಕೊಂಡು ನೋಡುವವರಿದ್ದಾರೆ. ನಿನ್ನ ಸಿಮ್ಯುಲೇಶನ್ ಈ ಇಬ್ಬರನ್ನು ಬೇರೆ ಮಾಡಿ ತೋರಿಸಿದರೆ ಅರ್ಧ ಕೆಲಸ ಮುಗಿದ ಹಾಗೆ. ಕೊನೆಗೆ ಸಾರು ಹೇಗಾಯಿತು ಅನ್ನುವುದಕ್ಕೆ ಮಾತ್ರ ಅಂಕ ಕೊಟ್ಟರೆ ಇಬ್ಬರಿಗೂ ಒಂದೇ ಅಂಕ ಬೀಳುವ ದಿನವೂ ಬರುತ್ತದೆ.

ಇದಕ್ಕಿಂತ ಸೂಕ್ಷ್ಮದ್ದು ಇನ್ನೊಂದಿದೆ. ಕೆಲವು ವ್ಯವಸ್ಥೆಗಳು ಯಾರೂ ಮುಟ್ಟದಿದ್ದರೂ ತಾವೇ ಬದಲಾಗುತ್ತವೆ. ಹಾಲು ತಾನೇ ಹುಳಿಯಾಗುತ್ತದೆ, ಕೆರೆ ಬಿಸಿಲಿಗೆ ತಾನೇ ಇಂಗುತ್ತದೆ. ಇದನ್ನು ಕಂಡುಹಿಡಿಯಬೇಕಾದರೆ ಒಂದು ಸುತ್ತು ಏನೂ ಮಾಡದೆ ಕೈ ಕಟ್ಟಿ ಕೂತು ನೋಡಬೇಕು. ಅಷ್ಟು ಧೈರ್ಯ ಇರುವ ಮಗು ಅಪರೂಪ, ಯಾಕೆಂದರೆ ಶಾಲೆಯಲ್ಲಿ ಕೈ ಕಟ್ಟಿ ಕೂತರೆ “ಏನೋ ನಿದ್ದೆ ಮಾಡ್ತಿದೀಯಾ” ಅಂತ ಚಾಕ್‌ಪೀಸ್ ಬೀಳುತ್ತದೆ. ನಿನ್ನ ಪ್ರೋಗ್ರಾಮ್ ಏನು ಮಾಡುತ್ತಿದೆ ಗೊತ್ತೇ? ಅರ್ಧ ನಿಮಿಷ ಕ್ಲಿಕ್ ಇಲ್ಲದಿದ್ದರೆ “ಮುಂದುವರಿಯಿರಿ” ಅಂತ ಮಿನುಗುತ್ತದೆ, ಸಮಯದ ಅಂಕ ಕಡಿಯುತ್ತದೆ. ಕ್ಲಾಸಿನಲ್ಲೇ ಜಾಣ ಮಗುವನ್ನು ಹುಡುಕಿ ಹುಡುಕಿ ದಂಡ ಹಾಕುತ್ತಿದ್ದೀಯ ಮರಿ. ತೆಗೆ ಅದನ್ನು.

ಹಲವು ಕೊಡು ಅಂದೆನಲ್ಲ, ಅದಕ್ಕೆ ಕಾರಣ ಇದೆ. ಒಂದೇ ದೊಡ್ಡ ಊರು ಕೊಟ್ಟು ಮಗು ಮೊದಲ ವರ್ಷದಲ್ಲೇ ಎಡವಿದರೆ ಉಳಿದ ಒಂಬತ್ತು ವರ್ಷ ಅದೇ ತಪ್ಪಿನ ಬಡ್ಡಿ ಕಟ್ಟುತ್ತಿರುತ್ತದೆ. ನಿನ್ನ ಹತ್ತಿರ ನೂರು ಅಂಕ ಇದ್ದರೂ ನಿಜವಾಗಿ ಇರುವುದು ಒಂದೇ ಪ್ರಶ್ನೆ. ಪಿಸಾದ ಎ.ಸಿ.ಯ ಹಿಂದೆ ಇದ್ದದ್ದು ಹೈಡಲ್‌ಬರ್ಗಿನ ಯೋಆಖಿಮ್ ಫುಂಕೆ, ಅವರ ಜೊತೆಗಾರ ಸ್ಯಾಮ್ಯುಯೆಲ್ ಗ್ರೈಫ್ ಮುಂತಾದವರು ಬೆಳೆಸಿದ ಮೈಕ್ರೋಡಿನ್ ಎಂಬ ವಿಧಾನ. ಅದರಲ್ಲಿ ಒಂದೊಂದು ಸಮಸ್ಯೆಗೂ ಸುಮಾರು ಐದೇ ನಿಮಿಷ, ಹಾಗೆ ಒಂದರ ಹಿಂದೆ ಒಂದು ಹಲವು ಸಮಸ್ಯೆಗಳು. ಅವರು ಮಾಡಿದ ಇನ್ನೊಂದು ಉಪಾಯ ನನಗೆ ಬಹಳ ಹಿಡಿಸಿತು. ಮಗು ಬಾಣ ಎಳೆದು ಮುಗಿಸಿದ ಮೇಲೆ, ಎರಡನೇ ಭಾಗಕ್ಕೆ ಹೋಗುವಾಗ, ಸರಿಯಾದ ನಕ್ಷೆಯನ್ನು ಎಲ್ಲರಿಗೂ ತೋರಿಸಿಬಿಡುತ್ತಾರೆ. ಕಂಡುಹಿಡಿಯಲಾರದ ಮಗುವಿಗೂ ಕೊಟ್ಟದ್ದನ್ನು ಬಳಸುವ ಅವಕಾಶ ಮತ್ತೆ ಸಿಗುತ್ತದೆ. ಪರೀಕ್ಷೆಯಲ್ಲಿ ಇಷ್ಟು ಮರ್ಯಾದೆ ಇಟ್ಟುಕೊಂಡವರನ್ನು ನಾನು ಹೆಚ್ಚು ಕಂಡಿಲ್ಲ.

ಕಂಡುಹಿಡಿಯುವುದು ಬೇರೆ, ತಿಳಿದಿರುವುದು ಬೇರೆ, ಬಳಸುವುದು ಬೇರೆ. ಈ ಮೂರನ್ನೂ ಒಂದೇ ಚೀಲಕ್ಕೆ ತುಂಬಬೇಡ. 2005ರಲ್ಲಿ ಸ್ಟೆಫಾನ್ ಕ್ರೋನರ್, ಯಾನ್ ಪ್ಲಾಸ್, ಡೆಟ್ಲೆಫ್ ಲಾಯ್ಟ್ನರ್ ಎಂಬ ಮೂವರು ಮಲ್ಟಿಫ್ಲಕ್ಸ್ ಎಂಬ ಕಲ್ಪನೆಯ ಯಂತ್ರವನ್ನು ಜರ್ಮನಿಯ ಹೈಸ್ಕೂಲ್ ಮಕ್ಕಳ ಮುಂದಿಟ್ಟು, ಸಿಮ್ಯುಲೇಶನ್ನಿನಿಂದಲೇ ಬುದ್ಧಿಮತ್ತೆ ಅಳೆಯಬಹುದೇ ಅಂತ ನೋಡಿದರು. ನಿಯಮ ಹುಡುಕಲು ಮಗು ಮಾಡಿದ ಪ್ರಯತ್ನಕ್ಕೊಂದು ಅಂಕ, ನಿಯಮ ಗೊತ್ತಾಯಿತೇ ಅನ್ನುವುದಕ್ಕೊಂದು, ಬಳಸಿದ್ದಕ್ಕೊಂದು ಇಟ್ಟರು. ತರ್ಕಶಕ್ತಿಯ ಪರೀಕ್ಷೆಗೂ ಇದಕ್ಕೂ ಹತ್ತಿರದ ನಂಟೇ ಸಿಕ್ಕಿತು. ಆದ್ದರಿಂದ ನಿನ್ನ ಆಸೆ ಹುಚ್ಚು ಆಸೆಯಲ್ಲ. ಆದರೆ ಅವರು ಯಂತ್ರವನ್ನು ಕಟ್ಟಿದ್ದು ಏನನ್ನು ಅಳೆಯಬೇಕು ಅಂತ ತೀರ್ಮಾನಿಸಿದ ಮೇಲೆ. ನೀನು ಎಮ್ಮೆ ಮೊದಲು ಕಟ್ಟಿದೆ.

ಇಂಗ್ಲೆಂಡಿನ ಡಯೇನ್ ಬೆರಿ, ಡೊನಾಲ್ಡ್ ಬ್ರಾಡ್‌ಬೆಂಟ್ ಅವರ ಸಕ್ಕರೆ ಕಾರ್ಖಾನೆಯ ಪ್ರಯೋಗವನ್ನೂ ಓದು, 1984ರದು. ಆಡಿ ಆಡಿ ಜನ ಉತ್ಪಾದನೆಯನ್ನು ಹದಕ್ಕೆ ತರುವುದನ್ನು ಕಲಿತರು. ಹೇಗೆ ಮಾಡಿದಿರಿ ಅಂತ ಕೇಳಿದರೆ ಹೇಳಲು ಬರಲಿಲ್ಲ. ನಮ್ಮ ಅಮ್ಮಂದಿರು ಯಾವತ್ತು ಅಳತೆ ಹೇಳಿದ್ದರು? ಬರೀ ಪ್ರಶ್ನೆ ಕೇಳಿದರೆ ಇಂಥವರು ದಡ್ಡರಾಗಿ ಕಾಣುತ್ತಾರೆ, ಬರೀ ಆಟ ನೋಡಿದರೆ ಆಟ ಬಾಯಿಪಾಠ ಮಾಡಿದವರು ಜಾಣರಾಗಿ ಕಾಣುತ್ತಾರೆ. ಎರಡೂ ಬೇಕು.

ಈಗ ನಿನ್ನ ಕ್ಲಿಕ್ ದಾಖಲೆಯ ಮಾತು. ಸೆಕೆಂಡಿನ ಸಾವಿರದಲ್ಲೊಂದು ಭಾಗದ ಲೆಕ್ಕ ಇದೆ ಅಂತ ಎದೆ ಉಬ್ಬಿಸಿದೆ. ಸರಿ. ಹನ್ನೆರಡನೇ ಸೆಕೆಂಡಿನಿಂದ ಐವತ್ತನೆಯದರವರೆಗೆ ಒಂದು ಮಗು ಏನೂ ಒತ್ತಿಲ್ಲ. ಯೋಚಿಸುತ್ತಿತ್ತೋ, ಹೆದರಿತ್ತೋ, ಪಕ್ಕದವನು ಪೆನ್ನು ಕಿತ್ತುಕೊಂಡನೋ, ಉಚ್ಚೆಗೆ ಹೋಗಬೇಕು ಅಂತ ಕೇಳಲು ನಾಚಿಕೊಂಡು ಕೂತಿತ್ತೋ? ದಾಖಲೆ ಬಾಯಿ ಬಿಡುವುದಿಲ್ಲ. ಅದಕ್ಕೇ ದೊಡ್ಡ ಸಂಖ್ಯೆಯಲ್ಲಿ ಕೊಡುವ ಮೊದಲು ಒಂದಷ್ಟು ಮಕ್ಕಳ ಪಕ್ಕದಲ್ಲಿ ನೀನೇ ಸ್ಟೂಲು ಹಾಕಿಕೊಂಡು ಕೂರು. ಮನಸ್ಸಿನಲ್ಲಿ ಬಂದದ್ದನ್ನು ಬಾಯಿ ಬಿಟ್ಟು ಹೇಳುತ್ತಾ ಆಡು ಅನ್ನು. ನೀನು ಮಾತ್ರ ಬಾಯಿ ಮುಚ್ಚಿಕೊಂಡಿರು, ಅದು ನಿನಗೆ ಕಷ್ಟ ಅಂತ ಗೊತ್ತು. “ಅದಲ್ಲ, ಈ ಕಡೆದು” ಅಂತ ನಿನ್ನ ಬೆರಳು ಮುಂದೆ ಹೋದ ಗಳಿಗೆಯಲ್ಲೇ ಆ ಮಗುವಿನ ಪರೀಕ್ಷೆ ಮುಗಿಯಿತು. ಕುಂಡೆ ಕೆಳಗೆ ಕೈ ಇಟ್ಟುಕೊಂಡು ಕೂರು ಬೇಕಾದರೆ.

ಅಮೆರಿಕದಲ್ಲಿ 2014ರಲ್ಲಿ ಎಂಟನೇ ತರಗತಿಯವರಿಗೆ ಇಂಥದ್ದೇ ಒಂದು ಪರೀಕ್ಷೆ ಕೊಟ್ಟರು. ಅದರಲ್ಲಿ ದೂರದ ಹಳ್ಳಿಯೊಂದರ ಕೆಟ್ಟುಹೋದ ಕೈಪಂಪನ್ನು ಪರದೆಯ ಮೇಲೆ ಸರಿಮಾಡುವ ಕೆಲಸವಿತ್ತು. ಲ್ಯಾಪ್‌ಟಾಪುಗಳನ್ನು ಪರೀಕ್ಷೆಯವರೇ ಶಾಲೆಗೆ ಹೊತ್ತು ತಂದರು. ಒಬ್ಬೊಬ್ಬರ ಮುಂದೆ ಒಂದೊಂದು ತರಹದ ಯಂತ್ರ ಇರಬಾರದು ನೋಡು. ನಮ್ಮ ಕಂಪ್ಯೂಟರ್ ಕೋಣೆ ನಿನಗೆ ಗೊತ್ತಲ್ಲ? ಬೀಗದ ಕೈ ಹೆಡ್‌ಮಾಸ್ಟರ ಹತ್ತಿರ, ಹೆಡ್‌ಮಾಸ್ಟರು ಬಿ.ಇ.ಓ. ಆಫೀಸಿನಲ್ಲಿ. ಸ್ಪೇಸ್‌ಬಾರ್ ಒಂದು ಕಡೆ ಒತ್ತಿದರೆ ಮಾತ್ರ ಕೆಲಸ ಮಾಡುತ್ತದೆ. ಅರ್ಧದಲ್ಲಿ ಕರೆಂಟು ಹೋಗುತ್ತದೆ, ಯು.ಪಿ.ಎಸ್. ಕೀಂವ್ ಅಂದು ಸುಮ್ಮನಾಗುತ್ತದೆ. ಒಂದೊಂದು ಹೆಜ್ಜೆಯನ್ನೂ ಉಳಿಸಿಕೊಳ್ಳುವಂತೆ ಮಾಡು, ಇಂಟರ್‌ನೆಟ್ ಇಲ್ಲದಿದ್ದರೂ ನಡೆಯುವಂತೆ ಮಾಡು. ಮೌಸನ್ನು ಈಗಷ್ಟೇ ಹಿಡಿದ ಹುಡುಗಿ ಸ್ಲೈಡರ್ ಎಳೆಯಲು ಹೋಗಿ ಪಕ್ಕದ್ದನ್ನೂ ಎಳೆದರೆ ಅದು ಬುದ್ಧಿಯ ತಪ್ಪಲ್ಲ, ಬೆರಳಿನ ತಪ್ಪು. ಅಂಕವಿಲ್ಲದ ಒಂದು ಅಭ್ಯಾಸದ ಪರದೆ ಮೊದಲು ಇಡು, ಕೈ ಪಳಗಲಿ.

ಪಂಪಿನ ವಿಷಯಕ್ಕೆ ಬಂದರೆ, ದಿನಾ ಬೆಳಗ್ಗೆ ಕೈಪಂಪು ಹೊಡೆದು ನೀರು ತರುವ ಹುಡುಗಿಗೂ, ನಲ್ಲಿ ತಿರುಗಿಸಿದರೆ ನೀರು ಬರುವ ಮನೆಯ ಹುಡುಗನಿಗೂ ಅದು ಒಂದೇ ಸಮಸ್ಯೆಯಲ್ಲ. ಎ.ಸಿ.ಯೂ ಅಷ್ಟೇ, ತಿರುವುಮುರುವಾಗಿ. ಅದಕ್ಕೇ ಮೈಕ್ರೋಡಿನ್‌ನವರು ಎಷ್ಟೋ ಕಡೆ ಇಲ್ಲದ ಹೆಸರು, ಇಲ್ಲದ ಗೊಬ್ಬರ, ಇಲ್ಲದ ಪ್ರಾಣಿ ಇಡುತ್ತಾರೆ. ಮನೆಯಲ್ಲಿ ಕಂಡದ್ದು ಇಲ್ಲಿ ಸಹಾಯಕ್ಕೆ ಬರಬಾರದು ಅಂತ. ನಮ್ಮವರಿಗೆ ಇದು ಹೊಸ ತಲೆನೋವೇನೂ ಅಲ್ಲ. ಧಾರವಾಡದಲ್ಲಿ ವಿ.ವಿ. ಕಾಮತರು ಬಿನೆ ಪರೀಕ್ಷೆಯನ್ನು ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಿ, 1940ರಲ್ಲಿ ಅದರ ಪುಸ್ತಕ ತಂದರು. ಪ್ರಶ್ನೆಗಳನ್ನು ಇಲ್ಲಿಯ ಮಕ್ಕಳ ಮೇಲೆ ಪ್ರಯೋಗಿಸಿ, ಯಾವ ವಯಸ್ಸಿಗೆ ಯಾವುದು ಒಗ್ಗುತ್ತದೆ ಅಂತ ಮತ್ತೆ ಜೋಡಿಸಿದರು. ಮೈಸೂರಿನ ಮನಶ್ಶಾಸ್ತ್ರ ವಿಭಾಗ 1924ರಲ್ಲೇ ಶುರುವಾಯಿತು. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಕಲಿತು ಬಂದವರು. ಮನೆಯಲ್ಲೇ ರೇಡಿಯೋ ಕೇಂದ್ರ ನಡೆಸಿ ಅದನ್ನು “ಆಕಾಶವಾಣಿ” ಅಂತ ಕರೆದವರೂ ಅವರೇ. ಯಂತ್ರದ ಹುಚ್ಚೂ ಮನಸ್ಸಿನ ಶಾಸ್ತ್ರವೂ ಒಟ್ಟಿಗೆ ಇದ್ದ ಮನುಷ್ಯ. ನಿನಗೆ ಅಜ್ಜನಾಗಬೇಕಿತ್ತು. ನೀನು ಮಾತ್ರ ಸೂಚನೆಗಳನ್ನು ಇಂಗ್ಲಿಷಿನಲ್ಲಿ ಬರೆದು, ಯಂತ್ರಕ್ಕೆ ಕೊಟ್ಟು ಕನ್ನಡ ಮಾಡಿಸಿದ್ದೀಯ. “ಚರಾಂಶವನ್ನು ಪರಿವರ್ತಿಸಿ” ಅಂತೆ! ಓದಲು ತಡವರಿಸುವ ಮಗು ಯೋಚಿಸಲೂ ತಡವರಿಸುತ್ತದೆ ಅಂತ ಯಾರು ಹೇಳಿದರು? ಸೂಚನೆಯನ್ನು ಧ್ವನಿಯಲ್ಲಿ ಕೊಡು, ನಾಲ್ಕು ಮಾತಿನಲ್ಲಿ ಮುಗಿಸು.

ಇನ್ನು ಒಂದು ದಿನ ಬಿಡುವು ಮಾಡಿಕೊಂಡು ನಿನ್ನ ಪರೀಕ್ಷೆಯನ್ನು ನೀನೇ ಕಣ್ಣು ಮುಚ್ಚಿಕೊಂಡು ಆಡು. ಮನಸ್ಸಿಗೆ ಬಂದಲ್ಲಿ ಒತ್ತು. ಹಾಗೆ ಒತ್ತಿದರೆ ಎಷ್ಟು ಅಂಕ ಬರುತ್ತದೆ ಅಂತ ಗೊತ್ತಿಲ್ಲದೆ ಯಾರಿಗೂ ಜಾಣ ಅನ್ನಬೇಡ. ಮೊದಲ ತಂಡದವರು ಹೊರಗೆ ಹೋಗಿ ಎರಡನೇ ತಂಡಕ್ಕೆ ಏನು ಪಿಸುಗುಡುತ್ತಾರೆ ಅಂತಲೂ ಬಾಗಿಲ ಬಳಿ ನಿಂತು ಕೇಳು. “ನಡುವಿಂದು ಮುಟ್ಟಬೇಡ್ವೋ, ಕೆಳಗಿಂದು ಎರಡಕ್ಕಿಡು” ಅಂತ ಹೇಳಿಯೇ ಇರುತ್ತಾರೆ. ನಮ್ಮ ಮಕ್ಕಳು ಒಬ್ಬರಿಗೊಬ್ಬರು ಆಗುವುದು ಹೀಗೇ. ಅದಕ್ಕೆ ಸಿಟ್ಟು ಮಾಡಬೇಡ, ಸ್ಲೈಡರ್‌ಗಳ ಜಾಗ ಬದಲಿಸಿದ ನಾಲ್ಕಾರು ಮಾದರಿ ಇಟ್ಟುಕೊ.

ಒಟ್ಟಾರೆ ಬುದ್ಧಿಮತ್ತೆ ಅಂದೆಯಲ್ಲ. ಪರೀಕ್ಷೆಗಳೆಲ್ಲ ಒಂದಕ್ಕೊಂದು ಸ್ವಲ್ಪ ಸ್ವಲ್ಪ ಜೊತೆಯಾಗಿ ಏರಿಳಿಯುವುದನ್ನು 1904ರಲ್ಲಿ ಸ್ಪಿಯರ್‌ಮನ್ ಲೆಕ್ಕ ಹಾಕಿ ತೋರಿಸಿದರು, ಅದು ಸುಳ್ಳಲ್ಲ. ಮರುವರ್ಷವೇ ಪ್ಯಾರಿಸ್ಸಿನಲ್ಲಿ ಬಿನೆ ತಮ್ಮ ಪರೀಕ್ಷೆ ತಂದರು. ಅದು ಶಾಲೆಯಲ್ಲಿ ಹಿಂದೆ ಬೀಳುವ ಮಕ್ಕಳನ್ನು ಗುರುತಿಸಿ ಕೈ ಹಿಡಿಯುವುದಕ್ಕೆ. ಬುದ್ಧಿ ಅನ್ನುವುದು ಹುಟ್ಟಿದಷ್ಟೇ, ಬೆಳೆಯದು ಅನ್ನುವವರ ಮೇಲೆ ಆ ಮನುಷ್ಯನಿಗೆ ಕೋಪ ಇತ್ತು. 1909ರ ಪುಸ್ತಕದಲ್ಲಿ ಜಗಳವನ್ನೇ ಆಡಿದ್ದಾರೆ. ಅವರು ತೀರಿಹೋದ ಮೇಲೆ ಅದೇ ಪರೀಕ್ಷೆಯನ್ನು ಹಡಗು ಇಳಿದು ಬಂದ ಬಡ ವಲಸಿಗರ ಮೇಲೆ ಅಮೆರಿಕದಲ್ಲಿ ಪ್ರಯೋಗಿಸಿ ಮಂದಬುದ್ಧಿಯವರು ಅಂತ ಮುದ್ರೆ ಒತ್ತಿದರು. ಪರೀಕ್ಷೆ ಮಾಡಿದವರ ಕೈಯಿಂದ ಪರೀಕ್ಷೆ ಜಾರಿಹೋಗಲು ಬಹಳ ಕಾಲ ಬೇಕಾಗುವುದಿಲ್ಲ ಮರಿ.

ಅದಕ್ಕೇ ಮೇಷ್ಟ್ರಿಗೆ ತೋರಿಸಲು ನೀನು ಮಾಡಿಟ್ಟ ಡ್ಯಾಶ್‌ಬೋರ್ಡ್ ಬಗ್ಗೆ ಎರಡು ಮಾತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ್ದೀಯ: ಹಸಿರು, ಹಳದಿ, ಕೆಂಪು ಬಿಲ್ಲೆ, ಪಕ್ಕದಲ್ಲಿ ಒಂದು ಸಂಖ್ಯೆ. ಮೇಷ್ಟ್ರಿಗೆ ಸಂಖ್ಯೆ ಕೊಡಬೇಡ, ಎರಡು ಸಾಲು ಕೊಡು. “ಒಂದೊಂದಾಗಿ ಬದಲಿಸಿ ನೋಡುತ್ತಾಳೆ, ಆದರೆ ಕಂಡದ್ದನ್ನು ಬರೆದಿಟ್ಟುಕೊಳ್ಳುವುದಿಲ್ಲ. ಫಲ ತಡವಾದರೆ ಗಾಬರಿಯಾಗುತ್ತಾಳೆ.” ಇಷ್ಟಿದ್ದರೆ ನಾಳೆ ಬೆಳಗ್ಗೆ ಲ್ಯಾಬಿನಲ್ಲಿ ಏನು ಮಾಡಬೇಕು ಅಂತ ಮೇಷ್ಟ್ರಿಗೆ ತಾನೇ ಹೊಳೆಯುತ್ತದೆ. ಒಂದು ಮಧ್ಯಾಹ್ನದ ಆಟದಲ್ಲಿ ಇಷ್ಟು ಹೇಳಬಹುದು. ಬುದ್ಧಿವಂತಳೋ ಅಲ್ಲವೋ ಅಂತ ಹೇಳಲು ಅದು ಸಾಲದು, ಹಾಗಂತ ಆ ಎರಡು ಸಾಲಿನ ಕೆಳಗೇ ಬರೆ.

ಹೆಡ್‌ಮಾಸ್ಟರು ಕೇಳಿಯೇ ಕೇಳುತ್ತಾರೆ, “ಅದೆಲ್ಲ ಸರಿ, ಫಸ್ಟ್ ಯಾರು ಬಂದರು?” ಅಂತ. ಅಪ್ಪ–ಅಮ್ಮಂದಿರು ಫೋನು ಮಾಡಿ ಪಕ್ಕದ ಮನೆಯವರದ್ದು ಎಷ್ಟು ಅಂತ ವಿಚಾರಿಸುತ್ತಾರೆ. ನಿನ್ನ ಕಂಪನಿಯವರೂ ರ‍್ಯಾಂಕ್ ಪಟ್ಟಿ ಇದ್ದರೆ ಮಾರಾಟ ಸುಲಭ ಅನ್ನುತ್ತಾರೆ. ಆಗ ಪಟ್ಟಿಯನ್ನು ಕೊಡದಿರಲು ಮನಸ್ಸು ಗಟ್ಟಿ ಮಾಡಿಕೊಂಡರೆ ಸಾಲದು. ಕೇಳಿದರೂ ಕೊಡಲಾಗದಂತೆ, ಆ ಸಂಖ್ಯೆಯೇ ಹುಟ್ಟದಂತೆ ಈಗಲೇ ಪ್ರೋಗ್ರಾಮ್ ಬರೆದಿಡು. ಹೇಗೆ ಅಂತ ನನ್ನನ್ನು ಕೇಳಬೇಡ, ಅದು ನಿನ್ನ ಕಸುಬು.